ಕಾಗೆಗಳಿಗೆ ಗೊತ್ತಿದ್ದ ಮುಖ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲುಹಳಿಯ ಪಕ್ಕದಲ್ಲೇ ನಮ್ಮ ಹೊಲ. ಕಡಲೆಕಾಯಿ ಬಿತ್ತಿದ ಮರುದಿನವೇ ಕಾಗೆಗಳು ಬಂದು ಬೀಜ ಕೆದಕಿ ತಿನ್ನುತ್ತಿದ್ದವು. ಅಪ್ಪ ಇರಲಿಲ್ಲ, ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಊರಿಗಾಂನ ಗಣಿ ಕಾರ್ಮಿಕನೊಬ್ಬನಿಂದ ಕೊಂಡ ಹಳೆಯ ಏರ್‌ಗನ್ ಹಿಡಿದು ದಿನವಿಡೀ ಬದುವಿನ ಮೇಲೆ ಒಬ್ಬನೇ ಕೂರುತ್ತಿದ್ದೆ. ಹೊಡೆದ ಕಾಗೆಯನ್ನು ಕೋಲಿಗೆ ಕಟ್ಟಿ ಹೊಲದ ನಡುವೆ ನೆಡುತ್ತಿದ್ದೆ. ಅದನ್ನು ಕಂಡು ಉಳಿದವು ಹೆದರುತ್ತಿದ್ದವು. ಬರಬರುತ್ತಾ ಬಂದೂಕೇ ಬೇಡವಾಯಿತು. ನನ್ನ ತಲೆ ಕಂಡರೆ ಸಾಕು, ಹೊಂಗೆ ಮರ ಖಾಲಿ. ಯಾರಿಗೂ ಹೆದರದ ಕಾಗೆಗಳು ನನಗೆ ಹೆದರುತ್ತವೆ ಎಂಬ ಜಂಬ ಬೇರೆ.

ಅಮ್ಮ ತೀರಿಕೊಂಡ ಹನ್ನೊಂದನೆಯ ದಿನ ಅದೇ ಹೊಲದಲ್ಲಿ ಬಾಳೆಲೆಯ ಮೇಲೆ ಎಡೆ ಇಟ್ಟೆವು. ಕಾಗೆ ಮುಟ್ಟುವ ತನಕ ಯಾರೂ ಊಟಕ್ಕೆ ಕೂರುವಂತಿಲ್ಲ. ಬಿಸಿಲೇರಿತು, ಅನ್ನ ಒಣಗತೊಡಗಿತು. ಕಾಗೆಗಳು ದೂರದ ತಂತಿಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದವು.

“ಆಯಮ್ಮಂಗೆ ಏನೋ ಆಸೆ ಉಳ್ಕೊಂಡೈತೆ,” ಎಂದು ಹೆಂಗಸರು ಪಿಸುಗುಟ್ಟಿದರು.

ಸೋದರಮಾವ ರೇಗಿದರು: “ಆಸೆನೂ ಇಲ್ಲ, ಮಣ್ಣೂ ಇಲ್ಲ. ಲೇ, ನೀನು ಅತ್ಲಾಗೆ ಓಗ್ಲಾ. ನಿನ್ ಮೊಕ ಕಂಡ್ರೆ ಅವು ಇಳಿಯಲ್ಲ ಕಣ್ಲಾ.”

ಪಂಪ್‌ಸೆಟ್ ಮನೆಯ ಹಿಂದೆ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ರೆಕ್ಕೆಗಳ ಸದ್ದು, ಆಮೇಲೆ ಮಾವನ ದನಿ ಕೇಳಿತು.

“ಮುಟ್ತು, ಮುಟ್ತು! ನಿಮ್ಮಮ್ಮ ಉಣ್ತಾವ್ಳೆ! ನೀನು ಬರಬ್ಯಾಡ, ಅಲ್ಲೇ ಇರ್ಲಾ!”

ಅಮ್ಮ ಉಣ್ಣುವುದನ್ನು ಬಂದವರೆಲ್ಲ ನೋಡಿದರು. ನಾನು ಗೋಡೆ ನೋಡುತ್ತ ನಿಂತಿದ್ದೆ.