ಅಳತೆಗೆ ತಂದ ಹಳೆಯ ರವಿಕೆ

2023ರ ಜನವರಿ. ನಂಜನಗೂಡಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವ ನನ್ನ ಅಂಗಡಿಗೆ ಆಗ ಇಪ್ಪತ್ತೆರಡು ವರ್ಷ. ಬರುವವರಲ್ಲಿ ಹೆಚ್ಚಿನವರು ನಲವತ್ತು ದಾಟಿದವರು. ಟೇಪ್ ಹಿಡಿದ ಕೂಡಲೇ ಹೊಟ್ಟೆಯನ್ನು ಒಳಗೆಳೆದುಕೊಳ್ಳುವವರು.

ಮಾದೇವಮ್ಮ ಚಿಕ್ಕಯ್ಯನಛತ್ರ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ವಯಸ್ಸು ನಲವತ್ತೇಳು. ತಿಂಗಳ ಕೊನೆಗೆ ಶಾಲೆಯ ವಾರ್ಷಿಕೋತ್ಸವ. ಅಡುಗೆಯವರಿಗೂ ವೇದಿಕೆಯಲ್ಲಿ ಶಾಲು ಹೊದಿಸುತ್ತಾರಂತೆ. ಅದಕ್ಕೆಂದೇ ರವಿಕೆ ಹೊಲಿಸಲು ಬಂದಿದ್ದಳು. ಬರೆದುಕೊಳ್ಳುವಾಗ ಅಳತೆಯನ್ನು ಗಟ್ಟಿಯಾಗಿ ಹೇಳಿಕೊಳ್ಳುವುದು ನನ್ನ ಅಭ್ಯಾಸ. "ಎದೆ ನಲವತ್ತೊಂದು" ಎಂದೆ. ಬೆಂಚಿನಲ್ಲಿ ಕಾಯುತ್ತಿದ್ದ ಅವಳ ಊರಿನವಳೊಬ್ಬಳು, "ಮಕ್ಕಳೂಟ ಚೆನ್ನಾಗೇ ಮೈಗತ್ತದೆ ಬುಡು" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾದೇವಮ್ಮ ನಗಲಿಲ್ಲ. ಚೀಲದಿಂದ ಹಳೆಯ ರವಿಕೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. "ಇದ್ರಳತೆಗೇ ಒಲ್ದುಕೊಡಕ್ಕ. ಅಷ್ಟೊತ್ಗೆ ನಾನೇ ಇಳೀತೀನಿ."

ಅದರ ಎದೆ ಮೂವತ್ತಾರು. ಗಿರಾಕಿ ತಂದ ಅಳತೆ ರವಿಕೆಗೆ ಎದುರು ಮಾತಾಡುವ ರೂಢಿ ನಮ್ಮ ಕಸುಬಿನಲ್ಲಿಲ್ಲ, ಹಾಗೇ ಹೊಲಿದೆ. ಆದರೂ ಮನಸ್ಸು ತಡೆಯದೆ, ಪಕ್ಕದ ಹೊಲಿಗೆಗಳೊಳಗೆ ಮಡಚಿ ಬಿಡುವ ಬಟ್ಟೆಯನ್ನು, ನಾವು ಮಾರ್ಜಿನ್ ಅನ್ನುವುದನ್ನು, ಎರಡೂ ಬದಿಯಲ್ಲಿ ಹಿಂದೆ ಮುಂದೆ ಒಂದೂವರೆ ಇಂಚಿನಂತೆ, ಒಟ್ಟು ಆರು ಇಂಚು ಬಿಟ್ಟೆ.

ಹದಿನೈದು ದಿನದ ನಂತರ, ಮಧ್ಯಾಹ್ನ ಎರಡರ ಹೊತ್ತಿಗೆ, ತೊಟ್ಟು ನೋಡಲು ಬಂದಳು. ಮುಖ ಬಾಡಿತ್ತು. ಹುಕ್ಕು ಒಂದೂ ಕೂಡಲಿಲ್ಲ. ಪರದೆಯ ಹಿಂದೆ ಎಳೆದಾಡುತ್ತಿದ್ದವಳ ಕೈ ನಡುಗತೊಡಗಿತು, ಕತ್ತೆಲ್ಲ ಬೆವರು. ಅವಳಿಗೆ ಸಕ್ಕರೆ ಕಾಯಿಲೆ ಇರುವುದು ನನಗೆ ಗೊತ್ತಿತ್ತು.

"ಮಾತ್ರೆ ತಕೊಂಡ್ಯಾ?"

"ಊಂ."

"ಊಟ?"

ಇಲ್ಲವೆಂದು ತಲೆಯಾಡಿಸಿದಳು. ನೀರಿಗೆ ಎರಡು ಚಮಚ ಸಕ್ಕರೆ ಕದಡಿ ಕುಡಿಸಿದೆ. ಸುಧಾರಿಸಿಕೊಂಡ ಮೇಲೆ ನನ್ನ ಡಬ್ಬಿ ಬಿಚ್ಚಿದೆ. ಒಂದು ಅಕ್ಕಿರೊಟ್ಟಿ ಅವಳಿಗೆ, ಒಂದು ನನಗೆ; ಹೊಲಿಗೆಯ ಗಡಿಬಿಡಿಯಲ್ಲಿ ನಾನೂ ತಿಂದಿರಲಿಲ್ಲ.

"ಮಕ್ಕಳ ಪಾಲು ತಿಂದು ಊದವ್ಳೆ ಅಂತಾರಕ್ಕ. ಅವತ್ತಿಂದ ಸ್ಕೂಲಲ್ಲಿ ಒಂದ್ ತುತ್ತೂ ಬಾಯಿಗಿಟ್ಟಿಲ್ಲ. ಬೆಳಿಗ್ಗೆ ಬರೀ ಕಾಫಿ. ಸಾಯಂಕಾಲ ಮನೇಗೋಗಿ ತಡ್ಕೊಳಕಾಗ್ದೆ ಮೂರು ಮುದ್ದೆ ತಿಂದ್ಬುಡ್ತೀನಿ, ಆಮೇಲೆ ಅಳು ಬತ್ತದೆ." ತಡೆದು ಹೇಳಿದಳು: "ನೆನ್ನೆ ಸಾಂಬಾರ್ ಕೊಪ್ಪರಿಗೆ ಮುಂದೆ ತಲೆ ಸುತ್ತಿ ಸೌಟು ಬಿದ್ದೋಯ್ತು."

ಸೌಟಿನ ಬದಲು ಅವಳೇ ಬಿದ್ದಿದ್ದರೆ? ಅಂಗಡಿ ಬಾಗಿಲೆಳೆದು ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ಸಕ್ಕರೆ ಪರೀಕ್ಷಿಸಿ, ಮಾತ್ರೆಯ ಹೊತ್ತನ್ನು ಊಟಕ್ಕೆ ಹೊಂದಿಸಿ ಬರೆದುಕೊಟ್ಟರು.

"ತಿಂದ್ರೆ ಇನ್ನೂ ಊದ್ಕೊತೀನಲ್ಲ ಮೇಡಂ?"

"ಹಗಲೆಲ್ಲ ಉಪವಾಸ ಇದ್ದು ರಾತ್ರಿ ಮೂರು ಮುದ್ದೆ ತಿಂದ್ರೆ ಇಳೀತೀಯೇನಮ್ಮ? ಹೊತ್ತೊತ್ತಿಗೆ ಒಂದೊಂದು ತಿನ್ನು, ಸೊಪ್ಪು ಕಾಳು ಜಾಸ್ತಿ. ತೂಕದ ಮಾತು ನಿಧಾನವಾಗಿ ನೋಡೋಣ."

ಅಂಗಡಿಗೆ ಮರಳಿದ ಮೇಲೆ, "ಅವತ್ತು ನಾನು ನಗಬಾರದಿತ್ತು ಮಾದೇವಮ್ಮ" ಎಂದೆ. ಅವಳು ತೋಳೆತ್ತಿ ನಿಂತಳು. ಈ ಸಲ ಅಳತೆಯನ್ನು ಮೌನವಾಗಿ ಬರೆದುಕೊಂಡೆ. ಮಾರ್ಜಿನ್ ಬಿಚ್ಚಿದೆ, ಸಾಕಾಯಿತು.

ವಾರ್ಷಿಕೋತ್ಸವದ ಮರುದಿನ ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡೇ ಅಂಗಡಿಯ ಮೆಟ್ಟಿಲು ಹತ್ತಿದಳು. ಮೊದಲನೆಯದರಲ್ಲಿ ಶಾಲು ಹೊದ್ದು ನಿಂತಿದ್ದಾಳೆ. ಎರಡನೆಯದರಲ್ಲಿ ಮಕ್ಕಳ ಪಂಕ್ತಿಯಲ್ಲಿ ತಟ್ಟೆಯಿಟ್ಟುಕೊಂಡು ಕೂತಿದ್ದಾಳೆ.

"ಅವತ್ತು ಬೆಂಚಲ್ಲಿ ಕೂತಿದ್ಲಲ್ಲ, ಮೊಮ್ಮಗೀನ್ ಜೊತೆ ಉಣ್ಣಕ್ ಬಂದಿದ್ಲು, ಅವ್ಳೇ ಕೇಳುದ್ಲು ಕಣಕ್ಕ, ಏನ್ ಮಾದೇವಿ, ಬಡಿಸೋಳೇ ಕೂತ್ಬುಟ್ಟೆ ಅಂತ."

"ನೀನೇನಂದೆ?"

"ನಾನುಣ್ಣಕೆ ಎದರೋ ಊಟವ ನಿನ್ ಮೊಮ್ಮಗೀಗೆ ಎಂಗವ್ವ ಇಕ್ಕಲಿ ಅಂದೆ. ಬಾಯಿ ಮುಚ್ಕೊಂಡು ಇನ್ನೊಂದ್ ಸೌಟು ಆಕುಸ್ಕೊಂಡ್ಲು!"

ಇಬ್ಬರೂ ನಕ್ಕೆವು. ಎಷ್ಟೋ ದಿನದ ಮೇಲೆ ಎದೆಯ ಭಾರ ಇಳಿದ ನಗು ಅದು.

ಈಗಲೂ ಅವಳ ಎದೆಯಳತೆ ನಲವತ್ತರ ಆಸುಪಾಸಿನಲ್ಲೇ ಇದೆ, ತಲೆಸುತ್ತು ಮರುಕಳಿಸಿಲ್ಲ. ಹಳೆಯ ರವಿಕೆಯನ್ನು ಯಾರು ತಂದರೂ ನಾನು ಬೇಡವೆನ್ನುವುದಿಲ್ಲ. ಕತ್ತಿನ ಆಕಾರ, ತೋಳಿನ ಉದ್ದಕ್ಕೆ ಅದನ್ನು ನೋಡಿಕೊಳ್ಳುತ್ತೇನೆ. ಮೈಯಳತೆಗೆ ಮಾತ್ರ ಟೇಪ್ ಹಿಡಿಯುತ್ತೇನೆ, ತುಟಿ ಬಿಚ್ಚದೆ ಬರೆದುಕೊಳ್ಳುತ್ತೇನೆ. ಬಟ್ಟೆ ಹೊಲಿಯಬೇಕಾದ್ದು ಇವತ್ತು ಎದುರಿಗೆ ನಿಂತವಳಿಗೆ. ಅದನ್ನು ಕಲಿಯಲು ನನಗೆ ಇಪ್ಪತ್ತೆರಡು ವರ್ಷ ಬೇಕಾಯಿತು. ಒಂದು ಗಂಟೆಯಾದರೆ ಈಗ ಮೆಷಿನ್ ನಿಲ್ಲಿಸಿ ಡಬ್ಬಿ ಬಿಚ್ಚುತ್ತೇನೆ.