ದಾರಿಯಲ್ಲೇ ಕೂಡುವ ಪೆಟ್ಟಿಗೆ

ಅವಳ ಕೆಲಸ ಏನೆಂದು ಮನೆಯಲ್ಲಿ ಯಾರಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಸ್ವಿಚ್ಚಿನ ಮೇಲೆ ಸಂಶೋಧನೆ ಎಂದು ಮದುವೆಯಾದ ಹೊಸದರಲ್ಲಿ ಒಮ್ಮೆ ಬಾಯಿಬಿಟ್ಟಿದ್ದಳು. ಅಂದಿನಿಂದ ಬಚ್ಚಲಮನೆಯ ದೀಪ ಹತ್ತದಿದ್ದರೆ ಮಾವನವರು ಸೊಸೆಯನ್ನೇ ಕೂಗುತ್ತಿದ್ದರು. ಅದು ಬೇರೆ ಸ್ವಿಚ್ಚು ಎಂದು ಹೇಳಿ ಹೇಳಿ ಸಾಕಾಗಿ, ಕೊನೆಗೆ ಸುಮ್ಮನೆ ಸ್ಕ್ರೂಡ್ರೈವರ್ ಹಿಡಿದು ಹೋಗತೊಡಗಿದಳು. ಲ್ಯಾಬಿನವರಿಗೆ ಅವಳು ಸ್ವಿಚ್ಚಕ್ಕ.

ಅವಳ ಸ್ವಿಚ್ಚು ಕಂಪ್ಯೂಟರುಗಳ ನಡುವೆ ಕೂತು, ಒಂದರಿಂದ ಬಂದ ಮಾಹಿತಿಯ ಪ್ಯಾಕೆಟ್‌ಗಳನ್ನು ಇನ್ನೊಂದಕ್ಕೆ ದಾಟಿಸುವ ಚಪ್ಪಟೆ ಪೆಟ್ಟಿಗೆ. ಹಳೆಯವಕ್ಕೆ ದಾಟಿಸುವುದಷ್ಟೇ ಗೊತ್ತು. ಹೊಸ ಬಗೆಯದಕ್ಕೆ ಪ್ರೋಗ್ರಾಂ ಬರೆದು, ದಾಟಿಸುವಾಗ ಇನ್ನೇನು ಮಾಡಬೇಕೆಂದು ಹೇಳಬಹುದು. ಹಲವು ಕಂಪ್ಯೂಟರುಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವಾಗ, ತಮ್ಮ ಅಂಕಿಗಳನ್ನೆಲ್ಲ ಒಂದು ಕಂಪ್ಯೂಟರಿಗೆ ಕಳಿಸಿ, ಅದು ಕೂಡಿ ಸರಾಸರಿ ತೆಗೆಯುವವರೆಗೆ ಕೈಕಟ್ಟಿ ಕಾಯುತ್ತವೆ. ಆ ಅಂಕಿಗಳು ಹೇಗೂ ಸ್ವಿಚ್ಚನ್ನು ಹಾದೇ ಹೋಗಬೇಕು. ಅಲ್ಲೇ ಕೂಡಿಬಿಟ್ಟರೆ ಕಾಯುವುದು ತಪ್ಪುತ್ತದಲ್ಲ ಎಂಬುದು ಅವಳ ಯೋಚನೆ. ಕೇಳಲು ಸಲೀಸು.

ಮಾಡಲು ಕೂತಾಗ ಪೆಟ್ಟಿಗೆ ಹಟಮಾರಿಯಾಯಿತು. ಕೂಡಲು ಬರುತ್ತಿತ್ತು, ಭಾಗಿಸಲು ಬರುತ್ತಿರಲಿಲ್ಲ. ದಶಮಾಂಶ ಕಂಡರೆ ಕೈಚೆಲ್ಲುತ್ತಿತ್ತು. ಒಳಬಂದ ಪ್ಯಾಕೆಟ್ ಆ ಕ್ಷಣವೇ ಹೊರಹೋಗಬೇಕು, ನಿಲ್ಲಿಸಿಕೊಂಡು ಯೋಚಿಸುವ ಹಾಗಿಲ್ಲ. ಅವಳು ಅಂಕಿಗಳನ್ನು ಪೂರ್ಣಾಂಕ ಮಾಡಿ ಕಳಿಸಿದಳು, ಭಾಗಾಕಾರವನ್ನು ಕೊನೆಗೆ ಕಂಪ್ಯೂಟರುಗಳಿಗೇ ಬಿಟ್ಟಳು. ಮೊತ್ತ ಸರಿ ಬರತೊಡಗಿತು. ಆದರೆ ಆಗೊಮ್ಮೆ ಈಗೊಮ್ಮೆ, ಯಾವ ಕಾರಣವೂ ಇಲ್ಲದೆ, ಹೆಚ್ಚು ಬಂದುಬಿಡುತ್ತಿತ್ತು. ವಾರಗಟ್ಟಲೆ ತಲೆ ಕೆಡಿಸಿಕೊಂಡ ಮೇಲೆ ಗುಟ್ಟು ತಿಳಿಯಿತು. ಸ್ವಿಚ್ಚು ಕಳಿಸಿದ ಉತ್ತರ ದಾರಿಯಲ್ಲಿ ಕಳೆದುಹೋದರೆ, ಕಂಪ್ಯೂಟರು ತನ್ನ ಪ್ಯಾಕೆಟ್ ತಲುಪಲೇ ಇಲ್ಲವೆಂದುಕೊಂಡು ಅದನ್ನೇ ಮತ್ತೆ ಕಳಿಸುತ್ತಿತ್ತು. ಸ್ವಿಚ್ಚು ಎರಡನೇ ಸಲವೂ ನಿಷ್ಠೆಯಿಂದ ಕೂಡಿಕೊಳ್ಳುತ್ತಿತ್ತು. ಯಾರದು ಸೇರಿದೆ ಎಂದು ನೆನಪಿಡಲು ಹೇಳೋಣವೆಂದರೆ, ಪೆಟ್ಟಿಗೆಯ ನೆನಪಿನಲ್ಲಿದ್ದ ಚೂರು ಜಾಗವೆಲ್ಲ ಅದಕ್ಕೇ ಮುಗಿಯುತ್ತಿತ್ತು.

ಇಷ್ಟರ ನಡುವೆ ಅವಳ ಗೈಡು, ನಿಜವಾದ ಜಾಲದಲ್ಲಿ ಬೇರೆಯವರ ಪ್ಯಾಕೆಟ್‌ಗಳ ಜೊತೆ ಓಡಿಸದಿದ್ದರೆ ಯಾರೂ ನಂಬುವುದಿಲ್ಲ ಎಂದರು. ಸಂಸ್ಥೆಯ ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕಾಡಿ ಬೇಡಿ ಅನುಮತಿ ಪಡೆದಳು. ಮೊದಲ ಮಧ್ಯಾಹ್ನವೇ ಅವರು ಮೆಟ್ಟಿಲಿಳಿದು ಬಂದು ಕೇಬಲ್ ಕಿತ್ತರು.

"ನಿಮ್ಮ ಪೆಟ್ಟಿಗೆ ಲೈಬ್ರರಿಯ ಪ್ಯಾಕೆಟ್ ನುಂಗ್ತಿದೆ ಮೇಡಂ. ಅಲ್ಲಿ ಸಾಲಲ್ಲಿ ನಿಂತೋರು ನನ್ನ ತಲೆ ತಿಂತಿದ್ದಾರೆ."

"ಪ್ರೋಗ್ರಾಮಲ್ಲಿ ಒಂದು ಸಾಲು ತಪ್ಪಿದೆ ಸರ್. ಈಗಲೇ ಸರಿ ಮಾಡ್ತೀನಿ."

"ನಾಳೆ ಇನ್ನೊಂದು ತಪ್ಪುತ್ತೆ. ದಾಟಿಸೋದು ದಾಟಿಸ್ಕೊಂಡಿರಲಿ. ಅದಕ್ಯಾಕೆ ಲೆಕ್ಕ?"

ಮುಂದಿನ ತಿಂಗಳು ಅವರೇ, ಸಂಸ್ಥೆಯ ಎಲ್ಲ ಪ್ಯಾಕೆಟ್‌ಗಳನ್ನೂ ಗೂಢಲಿಪಿಯಲ್ಲಿ ಕಳಿಸುವ ಏರ್ಪಾಡು ಮಾಡಿದರು. ಬೀಗ ಬಿದ್ದ ಪ್ಯಾಕೆಟ್ಟಿನೊಳಗಿನ ಅಂಕಿ ಸ್ವಿಚ್ಚಿಗೆ ಕಾಣಿಸುವುದೇ ಇಲ್ಲ, ಇನ್ನು ಕೂಡುವುದೆಲ್ಲಿ ಬಂತು? ಅವಳು ಮೇಲಕ್ಕೆ ಹೋಗಿ ಜಗಳವಾಡಿದಳು. ಬೀಗ ತೆಗೆಯಲು ಅವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೊನೆಗೆ ಇಬ್ಬರಿಗೂ ಬೇಸರ ಬಂದು, ಮುರಿದ ಕುರ್ಚಿಗಳ ಸಾಮಾನು ಕೋಣೆಯನ್ನು ಅವರೇ ಅವಳಿಗೆ ಬಿಡಿಸಿಕೊಟ್ಟರು. ಅಲ್ಲಿ ಅವಳದೇ ಕೇಬಲ್ಲು, ಅವಳವೇ ಎಂಟು ಕಂಪ್ಯೂಟರು. ಲೈಬ್ರರಿಯೂ ಇಲ್ಲ, ಬೀಗವೂ ಇಲ್ಲ. ಎಂಟೇ ಆದ್ದರಿಂದ ಯಾರದು ಸೇರಿದೆ ಎಂದು ನೆನಪಿಡಲು ಜಾಗವೂ ಸಾಲುತ್ತಿತ್ತು. ಫ್ಯಾನುಗಳ ಗದ್ದಲದಲ್ಲಿ ದಿನವಿಡೀ ಇದ್ದು, ಮನೆಯಲ್ಲೂ ಏರುದನಿಯಲ್ಲೇ ಮಾತಾಡುತ್ತಿದ್ದಳು. ನಾವೇನು ಕಿವುಡರಾ ಎಂದು ಅತ್ತೆಯವರು ಬೇಜಾರು ಮಾಡಿಕೊಂಡರು.

ಪೆಟ್ಟಿಗೆ ಕೊನೆಗೂ ಸರಿಯಾಗಿ ಕೂಡಿತು, ಕಾಯುವ ಹೊತ್ತು ಅರ್ಧಕ್ಕಿಳಿಯಿತು. ಪ್ರಬಂಧ ಬರೆದು ಕಳಿಸಿದಳು. ತಿರಸ್ಕೃತವಾಗಿ ವಾಪಸ್ಸು ಬಂತು. ಒಂದು ಕೋಣೆಯೊಳಗೆ ಮಾತ್ರ ನಡೆಯುವುದರಿಂದ ಯಾರಿಗೆ ಉಪಯೋಗ ಎಂದು ಪರಿಶೀಲಕರಲ್ಲಿ ಒಬ್ಬರು, ಇದನ್ನು ಇನ್ನೊಂದು ಕಂಪ್ಯೂಟರ್ ಇಟ್ಟು ಮಾಡಬಾರದೇ ಎಂದು ಇನ್ನೊಬ್ಬರು ಕೇಳಿದ್ದರು. ಪಾತ್ರೆ ತೊಳೆಯುತ್ತ ಅವಳು ಗೊಣಗುವುದನ್ನು ಕೇಳಿಸಿಕೊಂಡ ಗಂಡ, ಒರೆಸುತ್ತಿದ್ದ ತಟ್ಟೆ ಕೆಳಗಿಟ್ಟ.

"ಅವರು ಕೇಳಿದ್ದು ಸುಳ್ಳಾ?"

"ಸುಳ್ಳಲ್ಲ. ಸಿಟ್ಟು ಬರೋದೇ ಅದಕ್ಕೆ."

ಮುಂದಿನ ವಾರ ಪ್ರಬಂಧವನ್ನು ತಲೆಕೆಳಗು ಮಾಡಿದಳು. ಎಲ್ಲೆಲ್ಲಿ ಮುಗ್ಗರಿಸಿದೆ ಎಂಬುದೇ ಮೊದಲು, ಕೂಡಿದ ಸಂಗತಿ ಕೊನೆಯ ಪುಟದಲ್ಲಿ. ಸೋಲನ್ನು ಯಾರಾದರೂ ಮುಂದಿಡುತ್ತಾರಾ ಎಂದು ಗೈಡು ಮುಖ ಸಿಂಡರಿಸಿದರು. ಒಂದು ಸಣ್ಣ ಸಮ್ಮೇಳನ ಅದನ್ನು ತೆಗೆದುಕೊಂಡಿತು. ಅಲ್ಲಿ ದೂರದ ಊರಿನ ಹೆಂಗಸೊಬ್ಬಳು ಬಂದು, ಬೀಗ ತೆಗೆಯದೆಯೇ ಒಳಗಿನದನ್ನು ಕೂಡಲು ಈ ಪೆಟ್ಟಿಗೆಗೆ ಆಗುತ್ತದಾ ಎಂದು ಕೇಳಿದಳು. ಗೊತ್ತಿಲ್ಲ ಎಂದಳು ಸ್ವಿಚ್ಚಕ್ಕ. ತನಗೂ ಗೊತ್ತಿಲ್ಲ ಎಂದಳು ಆಕೆ. ಗುಡಿಸುವವರು ಕಾಲೆತ್ತಿ ಎನ್ನುವವರೆಗೆ ಇಬ್ಬರೂ ಅದನ್ನೇ ಮಾತಾಡಿದರು.

ಊರಿಗೆ ಬಂದರೆ, ಆ ಸ್ವಿಚ್ಚಿನೊಳಗಿನ ಚಿಪ್ ಮಾಡುವ ಕಂಪನಿ ಇನ್ನು ಅದನ್ನು ಮಾಡುವುದಿಲ್ಲವಂತೆ ಎಂಬ ಸುದ್ದಿ ಕಾದಿತ್ತು. ಈಗ ಅದರ ಬದಲು, ಕಂಪ್ಯೂಟರಿನೊಳಗೆ ಸಿಕ್ಕಿಸಿ ಪ್ರೋಗ್ರಾಂ ಬರೆಯಬಹುದಾದ ಬೇರೆ ಬಗೆಯ ಕಾರ್ಡು ತರಿಸಿಕೊಂಡಿದ್ದಾಳೆ. ಅದರಲ್ಲಿ ಜಾಗ ಧಾರಾಳ, ವೇಗ ಮಾತ್ರ ಬಸವನಹುಳುವಿನದು. ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಮತ್ತೆ ಬರೆಯುತ್ತ, ಬೈಯುತ್ತ ಕೂತಿದ್ದಾಳೆ.