ಬದಲಾಗದ ಒಂದು ದಾಖಲೆ

ವರ್ಷಗಳಿಂದ ವಾಪಸಾಗದ ಪುಸ್ತಕಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಟ್ಟಿಗೆ ಆರಿಸಿ, ಒಂದೇ ಸಲಕ್ಕೆ ‘ಕಳೆದಿದೆ’ ಎಂದು ಬದಲಿಸುವ ಗುಂಡಿ ಒತ್ತಿದ್ದೆ. ಅಷ್ಟರಲ್ಲಿ ಕುಷ್ಟಗಿಯ ನಮ್ಮ ಕಾಲೇಜು ಗ್ರಂಥಾಲಯದೊಳಗೆ ಒಬ್ಬ ಹೆಂಗಸು ಬಂದರು. ಜ್ವರದಿಂದ ತೀರಿಹೋದ ನಮ್ಮ ವಿದ್ಯಾರ್ಥಿನಿ ಶಬಾನಾಳ ತಾಯಿ. ಸೆರಗಿನಲ್ಲಿ ಸುತ್ತಿದ್ದ ಸಸ್ಯಶಾಸ್ತ್ರದ ಪುಸ್ತಕವನ್ನು ನನ್ನ ಮುಂದಿಟ್ಟರು.

“ರಾತ್ರಿ ಮಗಳು ಕನಸಿನ್ಯಾಗ ಬಂದಿದ್ಲರಿ ಮೇಡಮ್. ‘ಅಮ್ಮಿ, ನಾಳೆ ನನ್ನ ಪುಸ್ತಕ ಕಳದೈತಿ ಅಂತ ಬರೀತಾರ, ಹೋಗಿ ಕೊಟ್ಟು ಬಾ’ ಅಂದ್ಲು.”

ಈ ಕೆಲಸದ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಪರದೆಯತ್ತ ತಿರುಗಿದೆ. ‘ಒಂದು ದಾಖಲೆ ಬದಲಾಗಲಿಲ್ಲ’ ಎಂದಿತ್ತು. ತೆರೆದು ನೋಡಿದರೆ ಅದೇ ಪುಸ್ತಕ, ಇನ್ನೂ ಶಬಾನಾಳ ಹೆಸರಿನಲ್ಲೇ ಇತ್ತು. ಪುಸ್ತಕವನ್ನು ಜಮಾ ಮಾಡಿಕೊಂಡೆ.

ಅಂದಿನಿಂದ ಇಂಥ ಕೆಲಸಕ್ಕೆ ಒಬ್ಬಳೇ ಕೂರುವುದಿಲ್ಲ. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳುತ್ತೇನೆ.